ಖಾಲಿ ಹಾಳೆಗೆ ಹೆಬ್ಬೆಟ್ಟು

ಊರಿಗಾಂನ ನಮ್ಮ ಶಾಲೆಯ ಗೇಟಿಗೆ ಕಟ್ಟಿದ ಬ್ಯಾನರನ್ನು ಇನ್ನೂ ಬಿಚ್ಚಿಲ್ಲ. 'ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ' ಅಂತ ಕೆಂಪು ಅಕ್ಷರ, ಕೆಳಗೆ ಇಪ್ಪತ್ತೊಂದು ಮುಖ, ನಟ್ಟನಡುವೆ ಎಲ್ಲರಿಗಿಂತ ದೊಡ್ಡದಾಗಿ ನನ್ನದು. ಬಿಸಿಲಿಗೆ ಬಣ್ಣ ಹೋಗಿ ನಾನು ನೀಲಿಗಟ್ಟಿದ್ದೇನೆ. ಒಳ್ಳೆಯದೇ ಆಯಿತು. ನಮ್ಮ ತರಗತಿಯಲ್ಲಿ ಇದ್ದದ್ದು ಇಪ್ಪತ್ತೊಂದಲ್ಲ, ಇಪ್ಪತ್ತೆರಡು ಜನ. ಇಪ್ಪತ್ತೆರಡನೆಯವಳು ಶ್ಯಾಮಲ, ನನ್ನ ಜೋಡಿ. ಅವಳನ್ನು ಶಾಲೆಯಿಂದ ಹೊರಗೆ ಹಾಕಿದ ಕಾಗದ ಹೊತ್ತು ತಂದವಳು ನಾನು.

ನಾನು ನವ್ಯ, ಈಗ ಬಂಗಾರಪೇಟೆಯಲ್ಲಿ ಮೊದಲ ಪಿಯುಸಿ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಅಮ್ಮ ಬಯ್ಯುತ್ತಿರುತ್ತಾಳೆ. ಬೇಕಾದ ದಿನ ಆ ಕೋಪ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಜೋಡಿ ಅಂದರೆ ಏನು ಅಂತ ಮೊದಲು ಹೇಳಬೇಕು. ನಮ್ಮ ತಾತ ಮುನಿಸ್ವಾಮಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಕೆಲಸ ಮಾಡಿದವನು. ಕೆಳಗೆ ಇಳಿಯುವ ಮುಂಚೆ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆಯನ್ನು ಹಲಗೆಯ ಮೊಳೆಗೆ ತಗುಲಿಸಬೇಕಿತ್ತಂತೆ, ಮೇಲೆ ಬಂದಾಗ ತೆಗೆದುಕೊಳ್ಳಬೇಕಿತ್ತಂತೆ. ತಾತನ ತಂಡದವರು ತಮಗೆ ತಾವೇ ಇನ್ನೊಂದು ಕಟ್ಟಳೆ ಮಾಡಿಕೊಂಡಿದ್ದರು. ಜೋಡಿಯವನು ಮೇಲೆ ಬಾರದೆ ತನ್ನ ಬಿಲ್ಲೆ ಮುಟ್ಟುವ ಹಾಗಿಲ್ಲ. "ಜೋಡೀನ ಬಿಟ್ಟು ಬಿಲ್ಲೆ ಎತ್ಕೊಂಡು ಬಂದೋನಿಗೆ ನಮ್ ಲೈನ್ ಮನೆಗೋಳಾಗೆ ಒಂದ್ ಲೋಟ ನೀರು ಉಟ್ತಿರ್ಲಿಲ್ಲ ಕಣಮ್ಮ" ಅನ್ನುತ್ತಿದ್ದ ತಾತ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಈ ಮಾತನ್ನು ನಮ್ಮ ಹೆಡ್‌ಮಾಸ್ಟರು ಚೆನ್ನಕೇಶವ ಸರ್ ನಮ್ಮ ಮನೆಯ ಜಗಲಿಯ ಮೇಲೆ ಕೂತು ಕೇಳಿದರು. ಸರ್ ಹಾಸನದ ಕಡೆಯವರು. ಅವರಪ್ಪ ಇಲ್ಲಿಯ ಕಾರ್ಖಾನೆಗೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ತಾತನ ಮಾತು ಮುಗಿಯುವ ಹೊತ್ತಿಗೆ ಅವರ ಕಣ್ಣು ಒದ್ದೆಯಾಗಿತ್ತು. ನಾನೇ ನೋಡಿದ್ದೇನೆ, ಸುಳ್ಳಲ್ಲ. ಮುಂದಿನ ಸೋಮವಾರ ನಮ್ಮ ತರಗತಿಯ ಗೋಡೆಗೆ ಒಂದು ಹಲಗೆ ಬಂತು. ಇಪ್ಪತ್ತೆರಡು ಮೊಳೆ, ಇಪ್ಪತ್ತೆರಡು ತಗಡಿನ ಬಿಲ್ಲೆ. ಓದು ಬರುವವರಿಗೆ ಓದಿನಲ್ಲಿ ಹಿಂದಿರುವವರನ್ನು ಜೋಡಿ ಮಾಡಿದರು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಿಲ್ಲೆ ಹಾಕಬೇಕು, ಸಂಜೆ ಒಟ್ಟಿಗೆ ತೆಗೆದು ಮೇಜಿನ ಮೇಲಿನ ಡಬ್ಬಿಗೆ ಹಾಕಬೇಕು. ಒಬ್ಬರ ಲೆಕ್ಕ ಮುಗಿಯದಿದ್ದರೆ ಇನ್ನೊಬ್ಬರು ಮನೆಗೆ ಹೋಗುವಂತಿಲ್ಲ. ಒಬ್ಬರು ಶಾಲೆಗೆ ಬಾರದಿದ್ದರೆ ಇನ್ನೊಬ್ಬರು ಮನೆಗೇ ಹೋಗಿ ವಿಚಾರಿಸಬೇಕು. ಊರಿನವರಿಗೂ ಇದು ಹಿಡಿಸಿತು. ಜೋಡಿಯ ಕೈಲಿ ಏನು ಕಳಿಸಿದರೂ ಯಾರೂ ಮರುಮಾತು ಆಡುತ್ತಿರಲಿಲ್ಲ.

ನನಗೆ ಸಿಕ್ಕಿದವಳು ಹದಿನೇಳನೇ ನಂಬರಿನ ಶ್ಯಾಮಲ. ಕಾಮಸಮುದ್ರದಿಂದ ಒಂದು ಮೈಲಿ ಒಳಗಿನ ಹಳ್ಳಿ, ಅಪ್ಪ ಅಮ್ಮ ಇಲ್ಲ, ಅಜ್ಜಿ ಅಕ್ಕಯ್ಯಮ್ಮ ಎರಡು ಹಸು ಕಟ್ಟಿಕೊಂಡು ಸಾಕಿದ್ದಳು. ಅವಳನ್ನು ಅಷ್ಟು ದೂರದಿಂದ ಕರೆತಂದವರೂ ಚೆನ್ನಕೇಶವ ಸರ್ರೇ. ಆ ವರ್ಷ ಮಕ್ಕಳಿಲ್ಲದೆ ಶಾಲೆ ಮುಚ್ಚುವ ಹಾಗಿತ್ತು. ಸರ್ ಹಳ್ಳಿ ಹಳ್ಳಿ ಸುತ್ತಿ, ಬಸ್ ಪಾಸ್ ಮಾಡಿಸಿಕೊಟ್ಟು, ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಮಕ್ಕಳನ್ನು ಸೇರಿಸಿಕೊಂಡರು.

ಮನೆಯಲ್ಲಿ ತೆಲುಗು ಆಡುತ್ತಿದ್ದ ಶ್ಯಾಮಲ ಕನ್ನಡವನ್ನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಒತ್ತಕ್ಷರ ಬಂದರೆ ಬೆರಳು ನಿಂತುಬಿಡುತ್ತಿತ್ತು, ಆಮೇಲೆ ನನ್ನ ಮುಖ ನೋಡುತ್ತಿದ್ದಳು. ಎಂಟನೇ ಕ್ಲಾಸಿನ ಮೊದಲ ಗಣಿತ ಪರೀಕ್ಷೆಯಲ್ಲಿ ನೂರಕ್ಕೆ ಏಳು. ನಾನು ಬಯ್ದಿದ್ದೇನೆ, ಒಂದು ಸಲ ಪುಸ್ತಕ ಎಸೆದಿದ್ದೇನೆ. ಅವಳು ಎದ್ದು ಹೋಗಿ ಆ ಪುಸ್ತಕ ತಂದು, ಧೂಳು ಒರೆಸಿ, ಅದೇ ಪುಟ ತೆಗೆದು ಕೂರುತ್ತಿದ್ದಳು. ಅವಳ ಅಜ್ಜಿ ನನಗೆ ಅಂತಲೇ ವಾರಕ್ಕೊಮ್ಮೆ ಗಟ್ಟಿ ಮೊಸರು ಕಳಿಸುತ್ತಿದ್ದಳು. ಹತ್ತನೇ ಕ್ಲಾಸಿನ ಸೆಪ್ಟೆಂಬರ್ ಪರೀಕ್ಷೆಯಲ್ಲಿ ಶ್ಯಾಮಲಾಗೆ ಗಣಿತದಲ್ಲಿ ಮೂವತ್ತೊಂದು ಬಂತು. ಪಾಸಾಗಲು ಮೂವತ್ತೈದು ಸಾಕು. "ಇನ್ನು ನಾಲ್ಕೇ ಕಣೇ" ಅಂತ ಅವಳ ಬೆನ್ನಿಗೆ ಗುದ್ದಿದೆ. ನನ್ನ ತೊಂಬತ್ತಾರಕ್ಕಿಂತ ಆ ಮೂವತ್ತೊಂದೇ ನನಗೆ ದೊಡ್ಡದಾಗಿ ಕಂಡಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ಅವಳು ಜ್ವರ ಅಂತ ಬರಲಿಲ್ಲ. ಕಟ್ಟಳೆ ಪ್ರಕಾರ ನಾನು ಸಂಜೆ ಕಾಮಸಮುದ್ರದ ಬಸ್ಸಿಗೆ ಹೊರಟಿದ್ದೆ. ಸರ್ ಕೋಣೆಗೆ ಕರೆದರು.

"ಶ್ಯಾಮಲ ಮನೆಗೆ ತಾನೇ ಹೋಗ್ತಿರೋದು? ಹಾಗೇ ಇದಕ್ಕೆ ಅವರಜ್ಜಿ ಹೆಬ್ಬೆಟ್ಟು ಹಾಕಿಸ್ಕೊಂಡು ಬಾಮ್ಮ. ಪರೀಕ್ಷೆಗೆ ಸಂಬಂಧಪಟ್ಟದ್ದು. ಮೇಲಿನದನ್ನ ಆಫೀಸಿನಲ್ಲಿ ಬರ್ಕೋತೀವಿ."

ಒಂದು ಬಿಳಿ ಹಾಳೆ. ಕೆಳಗೆ ಮೂಲೆಯಲ್ಲಿ ಪೆನ್ಸಿಲಿನ ಇಂಟು ಗುರುತು, ಅಷ್ಟೇ. ಪಕ್ಕದಲ್ಲಿ ಶಾಯಿಯ ಪುಟ್ಟ ಡಬ್ಬಿ. ಪರೀಕ್ಷೆಗೆ ಸಂಬಂಧಪಟ್ಟದ್ದು ಅಂದರಲ್ಲ, ಅದರಲ್ಲಿ ಸುಳ್ಳೇನೂ ಇರಲಿಲ್ಲ ಪುಣ್ಯಾತ್ಮನದು.

ಶ್ಯಾಮಲ ಒಳಗೆ ಕಂಬಳಿ ಹೊದ್ದು ನಿದ್ದೆ ಹೋಗಿದ್ದಳು. ಅಕ್ಕಯ್ಯಮ್ಮ ಹಾಲು ಕರೆದ ಕೈ ಒರೆಸಿಕೊಂಡು ಬಂದು ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು.

"ಏನೂ ಬರ್ದಿಲ್ವಲ್ಲಮ್ಮ ಇದ್ರಾಗೆ? ಬರೀದೆ ಇರೋ ಕಾಗದಕ್ಕೆ ಎಬ್ಬೆಟ್ಟು ಆಕ್ಬಾರ್ದು ಅಂತಾರೆ."

"ಪರೀಕ್ಷೆ ಅರ್ಜಿ ಕಣಜ್ಜಿ, ಆಮೇಲೆ ಸರ್ ಬರೀತಾರೆ."

"ನೀನು ನೋಡಿದೀಯಾ?"

"ನೋಡಿದೀನಿ" ಅಂದೆ. ಖಾಲಿ ಹಾಳೆಯಲ್ಲಿ ನೋಡುವುದೇನಿತ್ತು? ಬಸ್ಸು ತಪ್ಪುತ್ತದೆ ಅಂತ ನನಗೆ ಅವಸರ.

"ಸರಿ ಬಿಡು. ನೀನು ನಮ್ ಸ್ಯಾಮಲನ ಜೋಡಿ ಅಲ್ವಾ, ನಿನ್ ಕೈಲಿ ಬಂದಿದ್ದಕ್ಕೆ ಆಕ್ದೆ ಇರ್ತೀನಾ?" ಅಂತ ಹೆಬ್ಬೆಟ್ಟು ಒತ್ತಿದಳು. ಬರುವಾಗ ಮಡಿಲಿಗೆ ಒಂದು ಹಿಡಿ ಕಡಲೆಕಾಯಿ ಸುರಿದಳು. ಬಸ್ಸಿನಲ್ಲಿ ಅದನ್ನು ಸುಲಿದು ತಿನ್ನುತ್ತಾ ಬಂದೆ.

ಸೋಮವಾರ ಜ್ವರ ಬಿಟ್ಟು ಬಂದ ಶ್ಯಾಮಲ ಬಿಲ್ಲೆಯ ಡಬ್ಬಿಯಲ್ಲಿ ಕೈಯಾಡಿಸಿದಳು. ಹದಿನೇಳು ಇರಲಿಲ್ಲ. ನಾನೂ ಹುಡುಕಿದೆ, ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದೆ. ಅಷ್ಟರಲ್ಲಿ ಸರ್ ಹಾಜರಿ ಪುಸ್ತಕ ಹಿಡಿದು ಬಂದರು.

"ಶ್ಯಾಮಲ, ನಿಮ್ಮಜ್ಜಿ ಟಿ.ಸಿ. ಕೇಳಿ ಅರ್ಜಿ ಕೊಟ್ಟಿದ್ದಾರೆ. ಮನೆ ಕೆಲಸಕ್ಕೆ ಬೇಕಂತೆ. ಇವತ್ತೇ ತಗೊಂಡು ಹೋಗು."

"ನಮ್ಮಜ್ಜಿ ಇಲ್ಲಿಗೆ ಬಂದೇ ಇಲ್ವಲ್ಲ ಸಾ."

"ನವ್ಯ ತಂದುಕೊಟ್ಟಳಲ್ಲ." ಸರ್ ಹಾಳೆ ಎತ್ತಿ ತೋರಿಸಿದರು. ಈಗ ಅದರ ತುಂಬ ಅಕ್ಷರ. ಕೆಳಗೆ ಅಕ್ಕಯ್ಯಮ್ಮನ ಹೆಬ್ಬೆಟ್ಟು.

ಶ್ಯಾಮಲ ನನ್ನ ಕಡೆ ತಿರುಗಿದಳು. ಒತ್ತಕ್ಷರ ಸಿಕ್ಕಿದಾಗ ನೋಡುತ್ತಿದ್ದಳಲ್ಲ, ಹಾಗೇ ನೋಡಿದಳು, ನಾನು ಹೇಳಿಕೊಡುತ್ತೇನೆ ಅಂತ. ನಾನು ಮತ್ತೆ ಮೇಜಿನ ಕೆಳಗೆ ಬಗ್ಗಿ ಬಿಲ್ಲೆ ಹುಡುಕತೊಡಗಿದೆ. ಅವಳು ಅಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, "ನನ್ ಕಂಪಾಸು ನಿನ್ ಅತ್ರ ಐತೆ, ಕೊಡು" ಅಂದಳು. ಕೊಟ್ಟೆ.

ಅವಳು ಹೋದ ಮೇಲೆ ನಾನು ಸರ್ ಕೋಣೆಗೆ ನುಗ್ಗಿದೆ. ಅಪ್ಪಣೆಯನ್ನೂ ಕೇಳಲಿಲ್ಲ.

"ನನ್ನ ಕೈಲಿ ಯಾಕೆ ತರಿಸಿದ್ರಿ ಸರ್?"

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಹೋಗಿದ್ರೆ ಅವರಜ್ಜಿ ನೂರು ಪ್ರಶ್ನೆ ಕೇಳೋರು" ಅಂದರು. ಮುಚ್ಚಿಡಲೂ ಇಲ್ಲ ನೋಡಿ. "ಮೂರು ವರ್ಷದಿಂದ ನಮ್ಮ ಫಲಿತಾಂಶ ಬಿದ್ದಿದೆ ನವ್ಯ. ಈ ಸಲವೂ ಬಿದ್ರೆ ಅನುದಾನ ನಿಲ್ಲುತ್ತೆ, ಶಾಲೆ ಮುಚ್ಚುತ್ತೆ. ಅರವತ್ತೆಂಟು ಮಕ್ಕಳು ಎಲ್ಲಿಗೆ ಹೋಗ್ಬೇಕು, ನೀನೇ ಹೇಳು."

"ಅವಳಿಗೆ ಇನ್ನು ನಾಲ್ಕೇ ಮಾರ್ಕು ಬೇಕಿತ್ತು ಸರ್!"

"ಬರದಿದ್ರೆ? ಕೂಗಾಡಬೇಡ. ಅವಳನ್ನ ಪ್ರೈವೇಟಾಗಿ ನಾನೇ ಪರೀಕ್ಷೆಗೆ ಕಟ್ಟಿಸ್ತೀನಿ. ಮಾತು ಕೊಡ್ತೀನಿ. ನೀನು ನಿನ್ನ ಓದು ನೋಡ್ಕೋ."

ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಅಂತ ಕಣ್ಣಾರೆ ಕಂಡ ಮೇಲೂ ನಾನು ಆ ಮಾತನ್ನು ನಂಬಿದೆ. ನಂಬುವುದು ಸುಲಭವಾಗಿತ್ತು, ನಂಬಿದರೆ ನಾನು ಏನೂ ಮಾಡಬೇಕಾಗಿರಲಿಲ್ಲ. ತಲೆ ಎಣಿಸುವಾಗ ಬೇಕಾಗಿದ್ದವಳು ಪಾಸು ಎಣಿಸುವಾಗ ಬೇಡವಾದಳು ಅಂತ ಆಮೇಲೆ ಹೊಳೆಯಿತು. ಆದರೆ ಅಂದು ಸಂಜೆ ನನ್ನ ಬಿಲ್ಲೆಯನ್ನು ಮೊಳೆಯಿಂದ ನಾನೇ ತೆಗೆದೆ, ಒಬ್ಬಳೇ. ಮಾರ್ಚ್‌ವರೆಗೆ ದಿನಾ ತೆಗೆದೆ. ಮನೆಯಲ್ಲಿ ಹೇಳಲಿಲ್ಲ. ಕಾಮಸಮುದ್ರದ ಬಸ್ಸು ಹತ್ತಲಿಲ್ಲ. ಸರ್ ಪ್ರೈವೇಟಾಗಿ ಯಾರನ್ನೂ ಕಟ್ಟಿಸಲಿಲ್ಲ. ಕೊನೆಯ ದಿನಾಂಕ ದಾಟಿದ ಮೇಲೆ ಕೇಳಿದಾಗ, "ಅಯ್ಯೋ, ಕೆಲಸದಲ್ಲಿ ಮರೆತೇಹೋಯ್ತಮ್ಮ" ಅಂದರು. ಶಾಲೆಯ ಅನುದಾನ ಉಳಿಯಿತು. ಹಲಗೆಯೂ ಹಾಗೇ ಇದೆ, ಬೇರೆ ಮಕ್ಕಳು ಬಿಲ್ಲೆ ಹಾಕುತ್ತಿದ್ದಾರೆ.

ಫಲಿತಾಂಶ ಬಂದ ದಿನ ಅಮ್ಮ ಮೈಸೂರುಪಾಕು ತಂದಳು. ತಾತನ ಕೈಗೆ ಒಂದು ತುಂಡು ಕೊಟ್ಟೆ. ಅವನು ಅದನ್ನು ಹಿಡಿದುಕೊಂಡೇ ಕೇಳಿದ. "ನಿನ್ ಜೋಡಿ ಎಷ್ಟು ತಗೊಂಡ್ಲು?"

ಆರು ತಿಂಗಳು ನುಂಗಿದ್ದೆಲ್ಲ ಆಗ ಹೊರಗೆ ಬಂತು. ತಾತ ಕೊನೆಯವರೆಗೂ ಕೇಳಿದ. ಬಯ್ಯಲಿಲ್ಲ. ಸಿಹಿಯನ್ನು ತಟ್ಟೆಗೆ ವಾಪಸ್ ಇಟ್ಟು, "ಆ ಮೇಷ್ಟ್ರಿಗೆ ನಾನ್ ಯಾಕ್ ಏಳ್ದೆ ಆ ಕಥೇನ" ಅಂತ ಎದ್ದು ಹೋದ. ಒಂದು ವಾರ ನನ್ನ ಕೈಯಿಂದ ನೀರು ಇಸಕೊಳ್ಳಲಿಲ್ಲ.

ಆಗಸ್ಟಿನಲ್ಲಿ, ಖಾಸಗಿಯಾಗಿ ಪರೀಕ್ಷೆಗೆ ಕೂರುವವರ ಅರ್ಜಿ ಬಂದಿದೆ ಅಂತ ಕೇಳಿ, ಬಂಗಾರಪೇಟೆಯಲ್ಲಿ ಒಂದು ತಂದೆ. ಬರೆಯಬೇಕಾದ್ದನ್ನೆಲ್ಲ ನನ್ನ ಒಳ್ಳೆಯ ಅಕ್ಷರದಲ್ಲಿ ತುಂಬಿ ಕಾಮಸಮುದ್ರಕ್ಕೆ ಹೋದೆ.

ಶ್ಯಾಮಲ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದಳು. ನನ್ನನ್ನು ಕಂಡು ನಿಂತಳು, ಆಮೇಲೆ ಪಕ್ಕದಲ್ಲೇ ದಾಟಿ ಒಳಗೆ ಹೋದಳು. ಅಕ್ಕಯ್ಯಮ್ಮ ಬಾಗಿಲಿಗೆ ಬಂದು ಕೂರಲು ಹೇಳಿ, ನೀರು ತಂದುಕೊಟ್ಟಳು. ಕೊಡದೆ ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎಲ್ಲವನ್ನೂ ಹೇಳಿದೆ, ಸರ್ ಹೇಳಿದ್ದು, ನಾನು ಸುಮ್ಮನಿದ್ದದ್ದು. ಅರ್ಜಿ ಮುಂದಿಟ್ಟೆ, ಶಾಯಿ ಡಬ್ಬಿ ತೆರೆದೆ.

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬರ್ದೈತಾ?"

"ಎಲ್ಲಾ ಬರ್ದಿದೀನಿ ಅಜ್ಜಿ. ಓದಿ ಹೇಳ್ತೀನಿ ಕೇಳು."

"ನೀನು ಬ್ಯಾಡಮ್ಮ" ಅಂದಳು, ಮೆಲ್ಲಗೆ, ನನಗೆ ನೋವಾಗದ ಹಾಗೆ. "ಸ್ಯಾಮಲ ಓದ್ಲಿ."

ಶ್ಯಾಮಲ ಬಂದು ಕೂತು ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಹೆಸರು, ಹುಟ್ಟಿದ ದಿನ, ವಿಳಾಸ, ಜೋರಾಗಿ ಓದಿದಳು. ಅಚ್ಚಾದ ಸಣ್ಣಕ್ಷರವನ್ನೂ ಬಿಡಲಿಲ್ಲ. 'ದೃಢೀಕರಣ' ಅನ್ನುವ ಕಡೆ ಬೆರಳು ನಿಂತಿತು. ಅವಳು ನನ್ನ ಮುಖ ನೋಡುತ್ತಾಳೆ ಅಂತ ಕಾದೆ. ನೋಡಲಿಲ್ಲ. ತಡೆಯಲಾರದೆ ನಾನೇ ಬಾಯಿ ತೆರೆದಾಗ ತಲೆಯೆತ್ತದೆ, "ಏಳ್ಬೇಡ" ಅಂದಳು. ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಸರಿಯಾಗಿ ಓದಿದಳು. ಕೊನೆಯವರೆಗೂ ಓದಿ, ತಿರುಗಿಸಿ ಹಿಂದಿನ ಪುಟವನ್ನೂ ಓದಿದಳು.

"ಪರೀಕ್ಷೆದೇ ಅಜ್ಜಿ. ಆಕು."

ಅಕ್ಕಯ್ಯಮ್ಮ ಹೆಬ್ಬೆಟ್ಟು ಒತ್ತಿದಳು. ನಾನು ಅರ್ಜಿಗೆ ಕೈ ಚಾಚಿದೆ, ನಾಳೆ ಕಾಲೇಜಿಗೆ ಹೋಗುವಾಗ ಕೊಟ್ಟುಬಿಡುತ್ತೇನೆ ಅಂದೆ. ಶ್ಯಾಮಲ ಅದನ್ನು ಶಾಯಿ ಒಣಗಲಿ ಅಂತ ಊದಿ, ಮಡಚಿ, ತನ್ನ ಕಂಪಾಸಿನ ಡಬ್ಬಿಯೊಳಗೆ ಇಟ್ಟುಕೊಂಡಳು.

"ನಾನೇ ಓಗಿ ಕೊಟ್ಟು ಬತ್ತೀನಿ. ನೀನು ಒರ್ಡು, ಬಸ್ಸು ಬರೋ ಒತ್ತಾಯ್ತು."

ಎರಡೂವರೆ ವರ್ಷ ನನ್ನನ್ನು ಬಿಟ್ಟು ಶಾಲೆಯ ಬಾಗಿಲು ದಾಟದಿದ್ದವಳು ಬಸ್ ಸ್ಟಾಪಿನವರೆಗೂ ಬರಲಿಲ್ಲ.