ಕಾಣೆಗೆ ಮುಳ್ಳಿಲ್ಲ

ಶನಿವಾರದ ಪಂದ್ಯ ಸೋತರೆ ನನ್ನ ಮಗಳು ಝೋಯಾ ಇನ್ನು ಚೆಂಡು ಎಸೆಯುವಂತಿಲ್ಲ ಎಂದು ಅವಳ ಕೋಚ್ ಬುಧವಾರವೇ ಹೇಳಿಬಿಟ್ಟಿದ್ದರು. ಅವಳು ಅದನ್ನು ನನಗೆ ತಿಳಿಸಿದ್ದು ಫ್ರಿಜ್ಜಿನ ಬಾಗಿಲು ತೆರೆದು, ಮುಖ ಒಳಗಿಟ್ಟುಕೊಂಡು.

"ಒನ್ ಲಾಸ್ಟ್ ಚಾನ್ಸ್, ಉಮ್ಮ. ಆಮೇಲೆ ಹಳೇ ಹಾಗೆ ಗುಂಪಲ್ಲಿ ಆಡುದಂತೆ. ಥ್ರೋ ಮಾಡುದು ಬೇರೆಯವಳು."

ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ನಮ್ಮ ಫ್ರಿಜ್ ಕೂಗುತ್ತದೆ. ಅದು ಕೂಗುವವರೆಗೂ ಅವಳು ಹಾಗೆಯೇ ನಿಂತಿದ್ದಳು.

ಅವಳದು ದುಬೈಯ ಕಾಲೇಜು, ಎದುರಾಳಿಗಳದು ಅಬುಧಾಬಿಯ ಕಾಲೇಜು. ಆಟ ಅಮೆರಿಕದ ಫುಟ್‌ಬಾಲ್, ಆದರೆ ಯಾರನ್ನೂ ನೆಲಕ್ಕೆ ಕೆಡವುವುದಿಲ್ಲ. ಸೊಂಟದ ಬೆಲ್ಟಿಗೆ ನೇತುಹಾಕಿದ ಪಟ್ಟಿಯನ್ನು ಕಿತ್ತರೆ ಸಾಕು. ಒಂದು ಕಡೆಗೆ ಐದು ಹುಡುಗಿಯರು. ಝೋಯಾ ನಡುವೆ ನಿಂತು ಎಸೆಯುವವಳು. ಹಳೆಯ ಕ್ರಮದಲ್ಲಿ ಎಲ್ಲರೂ ಚೆಂಡಿನ ಸುತ್ತ ಒತ್ತಾಗಿ ನಿಲ್ಲುತ್ತಾರೆ. ಇವಳು ಅದನ್ನು ಬಿಟ್ಟು, ತನ್ನವರನ್ನು ಮೈದಾನದ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿ ನಿಲ್ಲಿಸುತ್ತಿದ್ದಳು. ಎದುರಿನವರೂ ಹರಡಲೇಬೇಕು, ಆಗ ನಡುವೆ ಜಾಗ ಸಿಗುತ್ತದೆ. ಅದಕ್ಕೆ ಅವರು ಸ್ಪ್ರೆಡ್ ಅನ್ನುತ್ತಾರೆ.

ಅದರಲ್ಲಿ ಒಂದು ತೊಡಕಿತ್ತು. ಎದುರಿನವರು ಹೇಗೆ ನಿಂತಿದ್ದಾರೆಂದು ನೋಡಿ, ಕೊನೆಯ ಕ್ಷಣದಲ್ಲಿ ಯೋಜನೆ ಬದಲಿಸಬೇಕಾದರೆ ಎಲ್ಲರಿಗೂ ಕೇಳುವಂತೆ ಕೂಗಬೇಕು. ಕೂಗಿದ್ದು ಎದುರಿನವರಿಗೂ ಕೇಳುತ್ತದೆ. ಹೋದ ನವೆಂಬರಿನಲ್ಲಿ ನಾನು ಬೂತಾಯಿ ಮೀನಿಗೆ ಮಸಾಲೆ ಹಚ್ಚುತ್ತಿದ್ದಾಗ ಅವಳು ಈ ಗೋಳು ಹೇಳಿಕೊಂಡಳು. ಕೈ ತೊಳೆಯದೆಯೇ ನಾನು ಹೇಳಿದೆ: ಮೀನಿನ ಹೆಸರು ಕೂಗು. ಮುಳ್ಳಿನ ಮೀನಾದರೆ ಅದು ಸುಳ್ಳು, ಯಾರೂ ನುಂಗಬಾರದು, ಮೊದಲಿನ ಯೋಜನೆಯೇ ನಡೆಯಲಿ. ಮುಳ್ಳಿಲ್ಲದ ಮೀನಾದರೆ ನಿಜ, ಎಲ್ಲರೂ ದೂರಕ್ಕೆ ಓಡಲಿ. ಬೂತಾಯಿ, ಕೊಲ್ಲತರು ಸುಳ್ಳು. ಅಂಜಲ್, ಮಾಂಜಿ, ಕಾಣೆ ನಿಜ.

ಝೋಯಾ ಎದ್ದು ಹೋಗಿ ನೋಟ್‌ಬುಕ್ ತಂದಳು. ನಾನು ಕಾಲೇಜು ಮುಗಿಸಿ ಇಪ್ಪತ್ತಮೂರು ವರ್ಷವಾದ ಮೇಲೆ, ನನ್ನ ತಲೆಯಿಂದ ಬಂದ ಒಂದು ಸಂಗತಿಯನ್ನು ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಅದೇ ಮೊದಲು.

ನತಾಶಾಳಿಗೆ ಕಲಿಸುವ ಅಗತ್ಯವೇ ಬರಲಿಲ್ಲ. ಅವಳು ದುಬೈಯ ಊದ್ ಮೇಥಾದಲ್ಲಿ ನಮ್ಮ ಕಟ್ಟಡದವಳೇ, ಮಂಗಳೂರಿನ ಕ್ರಿಶ್ಚಿಯನ್ನರ ಹುಡುಗಿ, ಎಲ್‌ಕೇಜಿಯಿಂದ ಝೋಯಾಳ ಜೊತೆ. ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವಳು. ಉಳಿದ ಮೂವರು ಬೇರೆ ಬೇರೆ ದೇಶದವರು; ಐದು ಹೆಸರುಗಳನ್ನು ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಿದರು. ಸತತ ನಾಲ್ಕು ಪಂದ್ಯ ಗೆದ್ದರು. ಆಮೇಲೆ ಎರಡು ಸೋತರು, ಕೋಚ್ ಅನುಮಾನಕ್ಕೆ ಬಿದ್ದರು.

ಮನೆ ಮತ್ತು ತಂಡ ಬಿಟ್ಟು ಈ ಗುಟ್ಟು ಹೊರಗೆ ಹೋಗಬಾರದು ಎಂದು ನಾನು ಮೂರು ಸಲ ಹೇಳಿದ್ದೆ. ಹೇಳುವುದು ನನ್ನ ಸ್ವಭಾವ. ಗ್ಯಾಸ್ ಆರಿಸಿದ್ದೀರಾ, ಬಾಗಿಲು ಹಾಕಿದ್ದೀರಾ ಎಂದು ಕೇಳುವವಳ ಮಾತಿಗೆ ಮನೆಯಲ್ಲಿ ಬೆಲೆ ಕಡಿಮೆ.

ನನ್ನ ಗಂಡ ಮಸೂದ್ ಅಬುಧಾಬಿಯ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ವಾರವೆಲ್ಲ ಕಂಪನಿಯ ರೂಮಿನಲ್ಲಿದ್ದು ಶುಕ್ರವಾರ ಸಂಜೆ ಮನೆಗೆ ಬರುತ್ತಾರೆ. ಅದೇ ವರ್ಕ್‌ಶಾಪಿನಲ್ಲಿ ಭಟ್ಕಳದ ನೂರುದ್ದೀನ್ ಖರೀದಿ ವಿಭಾಗದಲ್ಲಿದ್ದಾರೆ. ಅವರ ಮಗ ಮುಸ್‌ಅಬ್ ಅಬುಧಾಬಿಯ ಆ ಕಾಲೇಜಿನಲ್ಲಿ ಓದುತ್ತಾ, ಹುಡುಗಿಯರ ತಂಡಕ್ಕೆ ಸಹಾಯಕ ಕೋಚ್ ಆಗಿದ್ದಾನೆ. ಹೀಗಾಗಿ ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದ ಇಬ್ಬರು ಗಂಡಸರು ಒಂದೇ ವರ್ಷದಲ್ಲಿ ಈ ಆಟದ ಪಂಡಿತರಾದರು. ಅಮೆರಿಕದ ಕಾಲೇಜು ಪಂದ್ಯಗಳ ವಿಡಿಯೊ ನೋಡಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನದ ತಟ್ಟೆಯ ಮೇಲೆ ಉಪ್ಪಿನಕಾಯಿ ಹೋಳು ಇಟ್ಟು ಆಟಗಾರರನ್ನು ನಿಲ್ಲಿಸುತ್ತಿದ್ದರಂತೆ.

ಶನಿವಾರ ಅಬುಧಾಬಿಯ ಮೈದಾನಕ್ಕೆ ನಾವು ತಲುಪಿದಾಗ ಮೂರೂವರೆ. ನೂರುದ್ದೀನ್ ಮೊದಲೇ ಬಂದು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬನ್ನಿ ಭಾಭಿ. ಮಸೂದ್ ಭಾಯ್, ಇವತ್ತೂ ಹರಡುದೇಯಾ?"

"ಹರಡದೆ ಮತ್ತೆ? ನಿಮ್ಮ ಹಾಗೆ ಗುಂಪಲ್ಲಿ ನಿಲ್ಲಿಕ್ಕೆ ಇದು ಯೂನಿಯನ್ ಮೆಟ್ರೋ ಸ್ಟೇಷನ್ನಾ?"

"ಮೆಟ್ರೋ ಆದ್ರೂ ಜನ ಊರು ಸೇರ್ತಾರೆ. ನಿಮ್ಮದು ಐದು ಕಡೆ ಅಂಗಡಿ ತೆರೆದು ಒಂದರಲ್ಲೂ ಗಿರಾಕಿ ಇಲ್ಲದ ಕತೆ. ನಡು ಖಾಲಿ ಮಾರಾಯ್ರೇ. ನಡು ಹಿಡಿದವ ಆಟ ಹಿಡಿದ."

"ಬಲೆ ಮಡಚಿ ಇಟ್ಟುಕೊಂಡ್ರೆ ಮೀನು ತಾನೇ ಬಂದು ಬೀಳ್ತದಾ ಭಾಯ್?"

"ಬಲೆ ಬೀಸಿದವರೆಲ್ಲ ಮೀನು ಹಿಡಿದ್ರೆ ಭಟ್ಕಳದಲ್ಲಿ ಬಡವರೇ ಇರ್ತಿರ್ಲಿಲ್ಲ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಮೀನು ಎಂಬ ಮಾತು ಬಂದಾಗ ನೂರುದ್ದೀನ್ ನನ್ನ ಗಂಡನ ಕಡೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಸುಮ್ಮನೆ ನನ್ನ ಭ್ರಮೆ ಎಂದುಕೊಂಡೆ. ದಿನಕ್ಕೆ ಹತ್ತು ಸಲ ನಾನು ಹಾಗೆ ಅಂದುಕೊಳ್ಳುತ್ತೇನೆ.

ಪಂದ್ಯ ಶುರುವಾಯಿತು. ಝೋಯಾ ತನ್ನವರನ್ನು ಹರಡಿ ನಿಲ್ಲಿಸಿ "ಬೂತಾಯಿ" ಎಂದು ಕೂಗಿದಳು. ಹಿಂದಿನ ಪಂದ್ಯಗಳಲ್ಲಿ ಹೀಗೆ ಏನಾದರೂ ಕೂಗಿದ ಕೂಡಲೇ ಎದುರಿನ ಹುಡುಗಿಯರು ಗಾಬರಿಯಾಗಿ ಹಿಂದೆ ಸರಿಯುತ್ತಿದ್ದರು. ಆ ಖಾಲಿ ಜಾಗಕ್ಕೆ ಚೆಂಡು ಬೀಳುತ್ತಿತ್ತು. ಇವತ್ತು ಒಬ್ಬಳೂ ಕದಲಲಿಲ್ಲ. ಚೆಂಡು ಹಿಡಿದ ಹುಡುಗಿಯ ಪಟ್ಟಿಯನ್ನು ಅಲ್ಲೇ ಕಿತ್ತರು. ಮುಂದಿನ ಸಲ "ಅಂಜಲ್" ಎಂದಳು. ಚೆಂಡು ಅವಳ ಕೈ ಬಿಡುವ ಮೊದಲೇ ಅವರೆಲ್ಲ ಹಿಂದಕ್ಕೆ ಓಡಿದ್ದರು. "ಕೊಲ್ಲತರು" ಅಂದಾಗ ಕದಲಲಿಲ್ಲ. "ಮಾಂಜಿ" ಅಂದಾಗ ಓಡಿದರು. ಅಂಚಿನಲ್ಲಿ ನಿಂತ ಮುಸ್‌ಅಬ್ ಪ್ರತಿ ಕೂಗಿಗೂ ಸನ್ನೆ ಮಾಡುತ್ತಿದ್ದ: ಬೆರಳೆತ್ತಿದರೆ ಓಡುವುದು, ಅಂಗೈ ಕೆಳಗೆ ಮಾಡಿದರೆ ನಿಲ್ಲುವುದು.

ಅವರು ಬರೀ ಹೆಸರು ಕಲಿತಿರಲಿಲ್ಲ, ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನೂ ಕಲಿತಿದ್ದರು.

ಆಮೇಲೆ ಝೋಯಾ "ಕಾಣೆ" ಎಂದಳು. ಮುಸ್‌ಅಬ್ ಅಂಗೈ ಕೆಳಗೆ ಮಾಡಿದ. ಹುಡುಗಿಯರು ನಿಂತಲ್ಲೇ ನಿಂತರು. ನತಾಶಾ ಅವರೆಲ್ಲರನ್ನೂ ದಾಟಿ ಒಬ್ಬಳೇ ಓಡಿ, ತಲೆಯ ಮೇಲಿಂದ ಬಂದ ಚೆಂಡನ್ನು ಹಿಡಿದಳು. ಎರಡನೇ ಅರ್ಧದಲ್ಲಿ ಇನ್ನೊಮ್ಮೆ ಹಾಗೆಯೇ ಆಯಿತು. ಕಾಣೆ ಅಂದರೆ ಸುಳ್ಳು ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು.

ಕಾರವಾರದಿಂದ ಕಾಸರಗೋಡಿನವರೆಗೆ ಯಾವ ಮನೆಯಲ್ಲಿ ಬೇಕಾದರೂ ಕೇಳಿ. ಕಾಣೆಯ ನಡುಮುಳ್ಳು ಒಂದನ್ನು ಎಳೆದರೆ ಆಯಿತು, ಮಕ್ಕಳಿಗೆ ಮೊದಲು ತಿನ್ನಿಸುವ ಮೀನು ಅದು. ಕಾಣೆ ಮುಳ್ಳಿನ ಮೀನು ಎಂದು ನಂಬಿದ ಮನುಷ್ಯ ನನಗೆ ತಿಳಿದಂತೆ ಒಬ್ಬರೇ. ಮದುವೆಯಾದ ಹೊಸತರಲ್ಲಿ, ಉಳ್ಳಾಲದ ನಮ್ಮ ಮನೆಯಲ್ಲಿ, ಕಾಣೆ ತಿನ್ನುತ್ತಿದ್ದ ಹೊಸ ಮದುಮಗನ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಅದು ಪಕ್ಕದ ತಟ್ಟೆಯಿಂದ ಸೇರಿಕೊಂಡ ಬೂತಾಯಿಯ ಮುಳ್ಳೆಂದು ನನ್ನ ತಾಯಿ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಅಂದಿನಿಂದ ಕಾಣೆ ಮುಟ್ಟಿಲ್ಲ. "ಅದು ಮೀನಲ್ಲ, ಸೂಜಿಯ ಡಬ್ಬಿ" ಅನ್ನುತ್ತಾರೆ.

ನಾನು ತಿರುಗಿ ನೋಡಿದೆ. ಮಸೂದ್ ಎರಡೂ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ನೆಲ ನೋಡುತ್ತಿದ್ದರು.

ಝೋಯಾ ಮೈದಾನದ ಒಳಗಿದ್ದವಳು. ಕಾಣೆ ಒಂದು ಮಾತ್ರ ಇನ್ನೂ ಅವರನ್ನು ಏಮಾರಿಸುತ್ತಿದೆ ಎಂದು ಅವಳಿಗೆ ಕಾಣಲಿಲ್ಲ. ಎಲ್ಲವೂ ಗೊತ್ತಾಗಿದೆ ಎಂದುಕೊಂಡು ಕೂಗುವುದನ್ನೇ ನಿಲ್ಲಿಸಿದಳು. ಇಪ್ಪತ್ತಾರಕ್ಕೆ ಹನ್ನೆರಡು, ಸೋತರು. ಕೋಚ್ ಅವಳ ಹತ್ತಿರ ಬಂದು ಎರಡೇ ಮಾತು ಹೇಳಿದರು. ಅವಳು ತಲೆಯಾಡಿಸಿ, ಯೋಜನೆಗಳನ್ನು ಬರೆದು ತೋಳಿಗೆ ಕಟ್ಟಿದ್ದ ಕಾರ್ಡನ್ನು ಬಿಚ್ಚಿ ಅವರ ಕೈಗೆ ಕೊಟ್ಟಳು.

ನೂರುದ್ದೀನ್ ಕಾಗದದ ಲೋಟಗಳಲ್ಲಿ ಕರಕ್ ಚಹಾ ತಂದರು. "ಬೇಜಾರು ಮಾಡ್ಬೇಡಿ ಭಾಭಿ. ಮಸೂದ್ ಭಾಯ್, ನಿಮಗೆ ತಲೆ ಉಂಟು, ಅದು ಮಾತ್ರ ಒಪ್ಪಿದೆ. ಇಂಥ ಉಪಾಯ ನನಗೆ ಹೊಳೀತಿರ್ಲಿಲ್ಲ."

ಅವರು ಹೋಗುವವರೆಗೆ ನಾನು ಕಾದೆ. ಪಾರ್ಕಿಂಗಿನಲ್ಲಿ ಕಾರಿನ ಹತ್ತಿರ ಬಂದ ಮೇಲೆ, ಬೇರೇನೋ ನೆನಪಾದವಳಂತೆ ಕೇಳಿದೆ.

"ಕಾಣೆಗೆ ಮುಳ್ಳುಂಟಾ?"

"ಉಂಟಲ್ಲ, ಬೇಕಾದಷ್ಟು..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಕೀಲಿಕೈ ಅವರ ಬೆರಳಿನಲ್ಲಿ ಸುತ್ತುತ್ತಿತ್ತು, ಅದೂ ನಿಂತಿತು.

"ನೂರುದ್ದೀನ್ ದಿನಾ ತಮಾಷೆ ಮಾಡ್ತಿದ್ದ, ಹಫೀ. ಎಲ್ಲರ ಎದುರು. ನಿಮ್ಮ ಹುಡುಗಿ ಮೀನು ಮಾರುವವಳ ಹಾಗೆ ಸುಮ್ಮನೆ ಬೊಬ್ಬೆ ಹೊಡೀತಾಳೆ, ಗೆದ್ದದ್ದು ಅದೃಷ್ಟ ಅಂತ. ಬೊಬ್ಬೆ ಅಲ್ಲ, ಅದರೊಳಗೆ ಲೆಕ್ಕ ಉಂಟು ಅಂತ ತೋರಿಸ್ಬೇಕಿತ್ತು. ಐದೂ ಹೆಸರು, ಯಾವುದು ನಿಜ ಯಾವುದು ಸುಳ್ಳು ಅಂತ, ನಾನೇ ಬಿಡಿಸಿ ಹೇಳಿದೆ. ಅವ ಮಗನಿಗೆ ಹೇಳ್ಲಿಕ್ಕಿಲ್ಲ ಅಂತ ಎಣಿಸಿದ್ದೆ."

"ಲೆಕ್ಕ ಯಾರದ್ದು ಅಂತ ಹೇಳಿದ್ರಿ?"

ಅವರು ಕಾರಿನ ಬಾಗಿಲ ಕಡೆ ನೋಡಿದರು. "ಗಂಡಸರ ನಡುವೆ ಹೆಂಡತಿ ಹೇಳಿದ್ದು ಅಂದ್ರೆ... ಅದೊಂದು ವಿಷಯವಾ ಈಗ?"

ಒಂದು ವಾದ ಗೆಲ್ಲುವುದಕ್ಕೆ ಮಗಳ ಜಾಗ ಕೊಟ್ಟಿದ್ದರು. ಆ ವಾದವನ್ನೂ ನನ್ನ ಮಾತಿನಿಂದ ಗೆದ್ದು, ನನ್ನ ಹೆಸರು ತೆಗೆದಿದ್ದರು.

ಅಷ್ಟರಲ್ಲಿ ಝೋಯಾ ಬಂದಳು. ಅವಳ ಹಿಂದೆ, ಕಾಲೇಜಿನ ಬಸ್ಸಿನ ಮೆಟ್ಟಿಲ ಹತ್ತಿರ, ನತಾಶಾ ಟವೆಲಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಉಳಿದ ಹುಡುಗಿಯರು ಅವಳನ್ನು ಮುಟ್ಟದೆ ಪಕ್ಕದಿಂದ ಬಸ್ ಹತ್ತುತ್ತಿದ್ದರು.

"ಶೀ ಟೋಲ್ಡ್ ದೆಮ್," ಎಂದಳು ಝೋಯಾ. "ಅವಳ ಅಣ್ಣ ಶೆಲ್ಡನ್ ಇದೇ ಅಬುಧಾಬಿ ಕಾಲೇಜಲ್ಲಿ ಇರುದಲ್ವಾ. ಬೇರೆ ಯಾರಿಗೆ ಗೊತ್ತುಂಟು? ಎಲ್ಲರ ಎದುರೇ ಹೇಳಿದೆ. ಐ ಆಮ್ ಡನ್ ವಿತ್ ಹರ್."

ನಾನು ಮಸೂದರನ್ನು ನೋಡಿದೆ. ಅವರು ಹೇಳಲಿ ಎಂದು ಕಾದೆ. ನಿಜವಾಗಿಯೂ ಕಾದೆ; ಅಷ್ಟು ಹೊತ್ತಿನಲ್ಲಿ ಬಸ್ಸಿನ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.

ಮಸೂದ್ ಮಗಳಿಗೆ ಕಾರಿನ ಹಿಂಬಾಗಿಲು ತೆರೆದರು. "ಹೋಗ್ಲಿ ಮಗಾ. ಈ ಕಾಲದಲ್ಲಿ ಯಾರನ್ನು ನಂಬ್ಲಿಕ್ಕೆ ಆಗ್ತದೆ? ಖಲಾಸ್, ಮರೆತುಬಿಡು. ಕಾರಲ್ಲಿ ಕೂತ್ಕೋ."

ಕ್ಯಾಂಟೀನಿನಲ್ಲಿ ಬಾಯಿ ಜಾರಿದ್ದನ್ನು ನಾನು ಎಂದಾದರೂ ಒಂದು ದಿನ ಕ್ಷಮಿಸುತ್ತಿದ್ದೆನೇನೋ.

"ನತಾಶಾ ಅಲ್ಲ," ಎಂದೆ.

"ಹಫೀ, ಇಲ್ಲಿ ಬೇಡ. ಮನೆಗೆ ಹೋಗಿ ಮಾತಾಡುವ."

"ಆ ಹುಡುಗಿ ನಿಂತಿರುವುದು ಇಲ್ಲಿ." ಮಗಳ ಕಡೆ ತಿರುಗಿದೆ. "ಕಾಣೆ ಕೂಗಿದಾಗ ಅವರು ಓಡಲಿಲ್ಲ. ಎರಡು ಸಲವೂ. ಅದಕ್ಕೆ ಮುಳ್ಳುಂಟು ಅಂತ ಅವರಿಗೆ ಹೇಳಿಕೊಟ್ಟದ್ದು ಯಾರು, ನೀನೇ ಯೋಚಿಸು. ನತಾಶಾ ಹಾಗೆ ಹೇಳ್ತಾಳಾ?"

ಝೋಯಾಳ ಹುಬ್ಬು ಗಂಟಿಕ್ಕಿತು, ಆಮೇಲೆ ನಿಧಾನವಾಗಿ ಸಡಿಲವಾಯಿತು. ಅವಳು ತಂದೆಯನ್ನು ನೋಡಿದಳು.

"ಬಾಪ," ಎಂದಳು. ಪ್ರಶ್ನೆಯೂ ಅಲ್ಲ, ಕರೆದದ್ದೂ ಅಲ್ಲ.

ಅವರು ಏನೋ ಹೇಳಲು ಹೊರಟರು. ಅವಳು ಕಾಯಲಿಲ್ಲ. ಹೆಗಲಿನ ಚೀಲವನ್ನು ಅಲ್ಲೇ ನೆಲಕ್ಕೆ ಬಿಟ್ಟು ಬಸ್ಸಿನ ಕಡೆ ನಡೆದಳು, ಅರ್ಧ ದಾರಿಯಿಂದ ಓಡಿದಳು. ನತಾಶಾ ಅವಳು ಬರುವುದನ್ನು ನೋಡಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಝೋಯಾ ಹೊರಗಿನಿಂದಲೇ ಬಸ್ಸಿನ ಉದ್ದಕ್ಕೂ ಒಂದೊಂದೇ ಕಿಟಕಿ ನೋಡುತ್ತಾ ಹೋಗಿ, ಕೊನೆಯದರ ಕೆಳಗೆ ನಿಂತಳು. ಗಾಜಿಗೆ ಬಡಿದಳು. ಒಳಗಿನ ಪರದೆ ಸರಿಯಲಿಲ್ಲ. ಅವಳು ಮತ್ತೆ ಬಡಿದಳು.

ನನ್ನ ಹಿಂದೆ ಕಾರು ಶುರುವಾಯಿತು. "ಏಸಿ ಹಾಕಿದ್ದೇನೆ," ಎಂದರು ಮಸೂದ್, "ಒಳಗೆ ಕೂತ್ಕೋ." ನಾನು ಮಗಳ ಚೀಲವನ್ನು ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.