ಎಲ್ಲ ಕೋಟೂ ಒಂದೇ ಕಡೆ ಬಿಗಿ

ಮನೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ನಾವೆಲ್ಲ ಏನು ಹೇಳುತ್ತೇವೆ? ಸರಿಯಾಗಿ ತಿಂದಿಲ್ಲ, ನಿದ್ದೆ ಕೆಟ್ಟಿದೆ, ಬಿಸಿಲು. ನಾನು ಹೇಳಹೊರಟ ಟೈಲರ್ ಮನೆಯಲ್ಲೂ ಹಾಗೇ ಹೇಳುತ್ತಿದ್ದರು. ಅವನ ಅಪ್ಪ ಚಿಕ್ಕ ವಯಸ್ಸಿಗೇ ಕುಸಿದು ತೀರಿಕೊಂಡಾಗ ಬಿಸಿಲು ಎಂದರು. ಚಿಕ್ಕಪ್ಪ ಆಟದ ಮೈದಾನದಲ್ಲಿ ಬಿದ್ದು ಪ್ರಾಣ ಬಿಟ್ಟಾಗ, ಉಂಡ ಕೂಡಲೇ ಓಡಿದ್ದಕ್ಕೆ ಎಂದರು.

ಕಳೆದ ವಾರ ಟೈಲರನೇ ಬಿದ್ದ. ಆಸ್ಪತ್ರೆಯಲ್ಲಿ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿದರು. "ಹೃದಯದ ಗೋಡೆ ದಪ್ಪ ಆಗಿದೆ. ಇದು ವಂಶದಲ್ಲಿ ಬರೋ ಕಾಯಿಲೆ. ಭಾರ ಎತ್ತಬೇಡಿ. ನಿಮ್ಮ ತಂಗಿಗೂ ಇಬ್ಬರ ಮಕ್ಕಳಿಗೂ ಪರೀಕ್ಷೆ ಮಾಡಿಸಿ," ಎಂದರು ಡಾಕ್ಟರು.

"ಇವತ್ತೇ ತಂಗಿಗೆ ಹೇಳಿಬಿಡಿ," ಎಂದಳು ಹೆಂಡತಿ.

"ಸುಮ್ನಿರು. ಅವಳ ಗಂಡನ ಮನೆಯವರು ಏನಂತಾರೆ? ಆ ಮನೆ ರಕ್ತವೇ ಸರಿಯಿಲ್ಲ ಅಂತಾರೆ. ನಾನು ಯಾವ ಮುಖ ಇಟ್ಕೊಂಡು ತಿರುಗಲಿ?"

ತಂಗಿ ಅದೇ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಟ್ಟೆಯ ಥಾನುಗಳು, ಆ ಭಾರದ ಸುರುಳಿಗಳು, ಕೆಳಗೆ; ಹೊಲಿಗೆ ಮಷೀನು ಮಹಡಿ ಮೇಲೆ. ಅಣ್ಣ ಸೊಂಟನೋವು ಎಂದು ಸುಳ್ಳು ಹೇಳಿದ್ದ. ಹಾಗಾಗಿ ಥಾನುಗಳನ್ನೆಲ್ಲ ಈಗ ಅವಳೇ ಹೊರುತ್ತಿದ್ದಳು.

"ಮಹಾರಾಜರ ಸೊಂಟ ಯಾವಾಗ ರಿಪೇರಿ ಆಗತ್ತಂತೆ, ಅತ್ತಿಗೆ?" ಎಂದು ತಂಗಿ ಥಾನು ಇಳಿಸಿ, ಇನ್ನೊಂದನ್ನು ತರಲು ಕೆಳಗೆ ಹೋದಳು. ಅತ್ತಿಗೆ ತಲೆ ತಗ್ಗಿಸಿ ಗುಂಡಿ ಹಾಕುತ್ತಿದ್ದಳು. ಟೈಲರ್ ಕತ್ತರಿ ಹುಡುಕಿದ. ಕತ್ತರಿ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಲ್ಯಾಬ್ ಅಕ್ಕ ಬಿಳಿ ಕೋಟುಗಳ ಗಂಟು ಹೊತ್ತು ಬಂದರು. ಅವರ ಪ್ರಯೋಗಾಲಯಕ್ಕೆ ಟೈಲರೇ ಹೊಲಿದು ಕೊಟ್ಟಿದ್ದು.

"ಎಡಗೈ ಎತ್ತೋಕಾಗ್ತಿಲ್ಲಪ್ಪ. ಕಂಕುಳಲ್ಲಿ ಬಿಗಿ."

"ಕೊಡಿ ಅಕ್ಕ, ಬಿಚ್ಚಿ ಸಡಿಲ ಮಾಡ್ತೀನಿ."

"ಒಂದಲ್ಲ. ಎಲ್ಲದರಲ್ಲೂ ಅದೇ ಜಾಗ."

ಟೈಲರ್ ಗೋಡೆಗೆ ತೂಗುಹಾಕಿದ್ದ ಕಾಗದದ ಪ್ಯಾಟರ್ನ್ ಇಳಿಸಿ ನೋಡಿದ. ಎಡತೋಳಿನ ತಿರುವು ಒಳಗೆ ಸರಿದಿತ್ತು. "ತಪ್ಪು ಇದರಲ್ಲೇ ಇದೆ. ಇದನ್ನಿಟ್ಟು ಕತ್ತರಿಸಿದ್ದೆಲ್ಲ ಹಾಳು. ಕೋಟು ತಗೊಂಡು ಹೋದವರನ್ನೆಲ್ಲ ಕರೆದು ಹೇಳ್ಬೇಕು."

"ಹೇಳ್ಬೇಕಲ್ವಾ?" ಎಂದಳು ಹೆಂಡತಿ, ತಲೆ ಎತ್ತದೆ.

ಟೈಲರ್ ಮಾತು ಬದಲಿಸಿದ. "ಅಕ್ಕ, ನಿಮ್ಮ ಲ್ಯಾಬಲ್ಲಿ ಏನು ಮಾಡ್ತೀರಿ?"

"ಹೃದಯದ ಸ್ನಾಯು ಎಳೆದು ಹಿಂಡೋಕೆ ಒಂದು ಪ್ರೋಟೀನ್ ಬೇಕು. ಅದರ ಪ್ಯಾಟರ್ನ್ ನಮ್ಮ ಜೀನಲ್ಲಿರತ್ತೆ. ಕೆಲವು ಮನೆತನಗಳಲ್ಲಿ ಅದರಲ್ಲೊಂದು ತಪ್ಪು ಸೇರಿರತ್ತೆ. ಆ ತಪ್ಪು ಪ್ಯಾಟರ್ನನ್ನೇ ತಟ್ಟೇಲಿ ಬೆಳೆಸಿದ ಜೀವಕೋಶಗಳಿಗೆ ಕೊಡ್ತೀವಿ. ಅವು ತಪ್ಪು ಪ್ರೋಟೀನ್ ಮಾಡಿಕೊಡ್ತವೆ."

"ಬೇಕಂತಲೇ ಕೆಟ್ಟದ್ದನ್ನ ಮಾಡಿಸ್ತೀರಾ?"

"ನೀನು ಹಳೇ ಬಟ್ಟೆ ಮೇಲೆ ಹೊಲಿದು ನೋಡಲ್ವಾ, ಎಲ್ಲಿ ಜಗ್ಗತ್ತೆ ಅಂತ? ಹಾಗೇ. ಆ ಪ್ರೋಟೀನ್ ಎಷ್ಟು ಜೋರಾಗಿ ಎಳೆಯತ್ತೆ, ಯಾವ ಔಷಧಿಗೆ ತಗ್ಗತ್ತೆ ಅಂತ ಗೊತ್ತಾಗತ್ತೆ."

"ಆ ತಪ್ಪು ಇರೋದು ಮನೆತನಕ್ಕೆ ಅವಮಾನ ಅಲ್ವಾ?"

"ಅವರೇನು ಕೂತು ಬರೆದ್ರಾ ಅದನ್ನ? ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಬರಬಹುದು, ಬರದೇನೂ ಇರಬಹುದು. ಅರ್ಧಕ್ಕರ್ಧ. ಬಂದಿರೋದು ತಪ್ಪಲ್ಲ. ಗೊತ್ತಿದ್ದೂ ಮುಚ್ಚಿಡೋದು…"

ಮೆಟ್ಟಿಲ ಮೇಲೆ ಬರುತ್ತಿದ್ದ ಹೆಜ್ಜೆ ಸದ್ದು ನಿಂತಿತು.

ಟೈಲರ್ ಕತ್ತರಿ ಎಸೆದು ಬಾಗಿಲಿಗೆ ಬಂದ. ತಂಗಿ ಮೆಟ್ಟಿಲ ಮಧ್ಯೆ ಥಾನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಏನಿಲ್ಲ ಅಣ್ಣ, ಸ್ವಲ್ಪ ಉಸಿರು ಹತ್ತಿತು. ಬೆಳಿಗ್ಗೆ ಸರಿಯಾಗಿ ತಿಂದಿಲ್ಲ."

ಅವನು ಅವಳ ಕೆಳಗಿನ ಮೆಟ್ಟಿಲಲ್ಲಿ ಕುಳಿತ. ಮುಖ ನೋಡಲಾಗದೆ, ಥಾನಿನ ಅಂಚು ಹಿಡಿದುಕೊಂಡು ಎಲ್ಲ ಹೇಳಿದ. ಅಪ್ಪನದು, ಚಿಕ್ಕಪ್ಪನದು, ತನ್ನದು.

ತಂಗಿ ಥಾನನ್ನು ಮಡಿಲಿಂದ ಇಳಿಸಿ ಮೆಟ್ಟಿಲ ಮೇಲಿಟ್ಟಳು.

"ವಾರದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕೈಲಿ ಇದನ್ನ ಹೊರಿಸಿದೆ."

ಟೈಲರ್ ಥಾನಿನ ಅಂಚನ್ನು ಕೈಯಿಂದ ಬಿಟ್ಟ.

"ಏಳು," ಎಂದಳು ತಂಗಿ. "ಬೈಯೋದು ಬಾಕಿ ಇದೆ, ಆಮೇಲೆ ಬೈತೀನಿ. ಮೊದಲು ಮಕ್ಕಳನ್ನ ಕರ್ಕೊಂಡು ಆಸ್ಪತ್ರೆಗೆ ಹೋಗೋಣ."

ಥಾನು ಮೆಟ್ಟಿಲಲ್ಲೇ ಉಳಿಯಿತು.

ಓದುತ್ತಿರುವವರೇ, ನಾನು ಡಾಕ್ಟರಲ್ಲ. ತಿಳಿದವರನ್ನು ಕೇಳಿ, ತಿದ್ದಿಸಿಕೊಂಡು ಬರೆದಿದ್ದೇನೆ. ನಿಮ್ಮ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡಿದ್ದರೆ, ಓಡುವಾಗ, ಹತ್ತುವಾಗ ಯಾರಿಗಾದರೂ ಎದೆನೋವು, ತಲೆಸುತ್ತು, ಉಸಿರುಕಟ್ಟು ಬರುತ್ತಿದ್ದರೆ, ದಯವಿಟ್ಟು ಹೃದಯದ ಡಾಕ್ಟರಿಗೆ ತೋರಿಸಿ. ಇಸಿಜಿ, ಎಕೋ ಮಾಡುವಾಗ ನೋವಾಗುವುದಿಲ್ಲ. ಈಗ ಸರಿಯಿದೆ ಎಂದರೂ, ಮತ್ತೆ ಯಾವಾಗ ಬರಬೇಕೆಂದು ಕೇಳಿಕೊಳ್ಳಿ. ನಿಮಗೆ ಈ ಕಾಯಿಲೆ ಇದೆಯೆಂದು ಗೊತ್ತಾದರೆ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಮಕ್ಕಳಿಗೆ ಅವತ್ತೇ ಹೇಳಿ. ಹೇಳಲು ನಾಚಿಕೆಯಾಗುತ್ತದೆ, ನಿಜ. ನಾಚಿಕೆಪಡುತ್ತಲೇ ಹೇಳಿ.