ಸಟವಾಯಿ ಬರುವ ಮುಂಚೆ

ಹುಟ್ಟಿದ ಐದನೆಯ ದಿನ ರಾತ್ರಿ ಸಟವಾಯಿ ದೇವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆಂದು ಡಾಬಕಾ ಕಡೆಯವರ ನಂಬಿಕೆ. ಬರುವವಳು ಕೈ ಬೀಸಿಕೊಂಡು ಬರುತ್ತಾಳೆ, ಹಾಳೆ, ಪೆನ್ನು ಮನೆಯವರೇ ಇಡಬೇಕು. ಹಾಗಾಗಿ ಭಾಲ್ಕಿಯ ಆಸ್ಪತ್ರೆಯಲ್ಲಿ ಸೊಸೆ ರಾಧಿಕಾಳ ಮಂಚದ ಪಕ್ಕ ಪುತಳಾಬಾಯಿ ಮಣೆ ಇಟ್ಟುಕೊಂಡು ಪೂಜೆಗೆ ಕೂತಿದ್ದಳು. ಕೂಸೇ ಇರಲಿಲ್ಲ. ಹುಟ್ಟುವಾಗ ಉಸಿರು ಸಿಗದ ಆ ಹೆಣ್ಣುಕೂಸನ್ನು ಅಂದೇ ಬೀದರಿಗೆ ಒಯ್ದು ಮಷೀನಿಗೆ ಹಾಕಿದ್ದರು. ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದ ರಾಧಿಕಾ ಅದರ ಮುಖ ಕೂಡ ನೋಡಿರಲಿಲ್ಲ. ಮಣೆಯ ಮೇಲೆ ಕೂಸಿನ ಬದಲು ಅದರ ತಲೆಗೆ ಕಟ್ಟಬೇಕಿದ್ದ ಕುಂಚಿಗೆ ಇತ್ತು.

"ಹಾಳಿ ದೊಡ್ಡದಿಡ್ರಿ ಆಯಿ," ಆಚೆ ಮಂಚದ ಬಾಣಂತಿ ಸೋನಾಲಿ ಅಂದಳು. "ನನ್ನ ಮಗಗ ಬರದಿದ್ದು ಡಾಕ್ಟರ್ ಚೀಟಿ ಹಂಗ ಅದ, ಏನೂ ತಿಳೀವಲ್ದು."

"ನಿನ್ನ ಗಂಡಗ ಬರದಿದ್ದಾದ್ರೂ ತಿಳೀತೇನು?" ಅಂದಳು ಪುತಳಾಬಾಯಿ.

ರಾಧಿಕಾ ಹೊಲಿಗೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಅವಳ ಗಂಡ ಸಂಜುಕುಮಾರನೂ ಅವಳ ಅಣ್ಣ ಅಶೋಕಕುಮಾರನೂ ಬೀದರಿನಿಂದ ಬಂದರು.

"ಛಲೋ ಆತು ಬಂದ್ರಿ," ಎಂದಳು ಗಂಡನಿಗೆ. "ನಾಳಿ ನನ್ನ ಬಿಡ್ತಾರಂತ. ಸೀದಾ ಬೀದರ್‌ಗೇ ಕರಕೊಂಡು ಹೋಗ್ರಿ. ಒಮ್ಮೆ ಎತ್ಕೊಳ್ತೇನಿ, ಆಮ್ಯಾಲ ಡಾಕ್ಟರ್ ಏನಾರ ಅನ್ಲಿ."

ಅವನು ಕುಂಚಿಗೆ ನೋಡುತ್ತ ನಿಂತ.

"ಪೆನ್ನ ಕೊಡೋ ಸಂಜ್ಯಾ," ತಾಯಿ ಕೈ ಚಾಚಿದಳು.

ಜೇಬು ಮುಟ್ಟಿದವನು ಕೈ ಹಿಂದೆ ತೆಗೆದ. "ಈ ಪೆನ್ನ ಬ್ಯಾಡವ್ವ."

"ಯಾಕ, ಶಾಯಿ ಇಲ್ಲೇನು?"

ರಾಧಿಕಾ ಇಬ್ಬರನ್ನೂ ನೋಡಿದಳು. "ನೀವಿಬ್ಬರೂ ಇಲ್ಲಿ ಬಂದೀರಿ. ಕೂಸಿನ ಹಂತೇಕ ಯಾರದಾರ?"

"ನಿಮ್ಮ ಮಾವ ಅದಾರಲ್ಲ," ಅಶೋಕಕುಮಾರ ಗಡಬಡಿಸಿದ.

"ಮಾವಗ ಫೋನ್ ಹಚ್ಚಣ್ಣಾ."

"ಈಗ ಬ್ಯಾಡ ತಂಗಿ. ಅವರು ಊರ ಹೊಲದಾಗ..."

"ಮಾವ ಹೊಲದಾಗ ಏನು ಮಾಡ್ತಾರ?"

ಮೊದಲು ತಿಳಿದದ್ದು ಪುತಳಾಬಾಯಿಗೆ: ಸತ್ತ ಎಳೆಗೂಸನ್ನು ಹೂಳುವುದು ಹೊಲದಲ್ಲೇ. ಕೈಯಲ್ಲಿದ್ದ ಅರಿಶಿನ ಮಣೆಯ ಮೇಲೆ ಚೆಲ್ಲಿತು.

"ಮಷೀನ್ ಇದ್ರಷ್ಟೇ ಉಸಿರು, ಮುಂದ ಸುಧಾರಿಸಂಗಿಲ್ಲ, ನೀವ ಹೇಳ್ರಿ ಅಂದ್ರು ಡಾಕ್ಟರ್," ಅಶೋಕಕುಮಾರ ಗೋಡೆಗೆ ಹೇಳಿದ. "ಅದರಾಗ ಹೆಣ್ಣು. ಮುಂದ ಯಾರು ನೋಡ್ತಾರ? ಎಲ್ಲರೂ ಕೂಡೇ ವಿಚಾರ ಮಾಡಿ, ಮಷೀನ್ ತೆಗೀರಿ ಅಂತ ಸಂಜುನ ಪೆನ್ನಿಲೇ ಸಹಿ ಮಾಡಿದ್ವಿ."

"ಎಲ್ಲರೂ ಅಂದ್ರ?"

"ನಿಮ್ಮ ಮಾವ, ಸಂಜು, ನಾ. ಮೈಲೂರ ಕಾಕಾಗೂ ಫೋನ್ ಮಾಡಿ ಕೇಳಿದ್ವಿ."

"ಕಾಕಾಗೂ ಕೇಳಿದ್ರಿ."

"ನೀ ಹಸಿ ಬಾಣಂತಿ, ನಿನಗ ತ್ರಾಸ ಆಗಬಾರದಂತ..."

"ಸಟವಾಯಿ ಬರದದ್ದು ಯಾರಿಗಿ ತಪ್ಪತದವ್ವಾ," ಪುತಳಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ಆಕಿ ಇನ್ನಾ ಬಂದೇ ಇಲ್ಲ, ಅತ್ತಿ." ರಾಧಿಕಾ ಕುಂಚಿಗೆ ಎತ್ತಿ ಉಡಿಯಲ್ಲಿಟ್ಟುಕೊಂಡಳು. ಗಂಡನ ಕಡೆ ತಿರುಗಿದಳು. "ಕೇಳಿದ್ರ ನಾನೂ ಹೂಂ ಅಂತಿದ್ದೆನೋ ಏನೋ. ಒಮ್ಮೆ ಎತ್ಕೊಂಡು ಹೂಂ ಅಂತಿದ್ದೆ."

ಸೋನಾಲಿ ತನ್ನ ಕೂಸನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡಳು.

"ಮೂಗು ಯಾರಂಗಿತ್ತು?" ರಾಧಿಕಾ ಕೇಳಿದಳು. "ಅಷ್ಟರೆ ಹೇಳ್ರಿ."

ಸಂಜುಕುಮಾರ ಬಾಯಿ ತೆರೆದ. ನಳಿಕೆ, ಅಂಟುಪಟ್ಟಿಗಳ ಕೆಳಗಿದ್ದ ಆ ಮೂಗನ್ನು ಅವನೂ ನೋಡಿರಲಿಲ್ಲ.